ಕ್ರಯಪತ್ರಕ್ಕೆ ಸೇರಿದ ಹಗೇವು

ಅಕ್ಕನ ಮನೆ ಮಾರಾಟಕ್ಕೆ ಕಾಗದಗಳೆಲ್ಲ ಸಿದ್ಧವಾಗಿದ್ದವು: ಅಪ್ಪ ಅವಳ ಹೆಸರಿಗೆ ಬರೆದುಕೊಟ್ಟ ದಾನಪತ್ರ, ಇ-ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ. ಉಳಿದದ್ದು ಹಿತ್ತಲಿನ ಅಳತೆಯೊಂದೇ. ನರಸಾಪುರದ ಪಕ್ಕದ ಈ ಮನೆ ಮಾರಿ ಮಾಲೂರಿನಲ್ಲಿ ಸ್ವಂತ ಹೊಲಿಗೆ ಅಂಗಡಿ ತೆರೆಯುವುದು ಅವಳ ಬಹುದಿನದ ಆಸೆ. ಕೊಳ್ಳುವವರು ಕಾರ್ಖಾನೆಗೆ ಹೋಗುವ ಗಂಡ ಹೆಂಡತಿ; ಅವರಿಗೆ ಆಗಷ್ಟೇ ನಡೆಯಲು ಕಲಿತ ಮಗು.

ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿದು ಅಕ್ಕ ಹಿಂದೆ ಹಿಂದೆ ಸರಿದಳು. ನೆಲ ಕುಸಿಯಿತು. ಎದೆಯವರೆಗೆ ಒಳಗೆ ಹೋದವಳನ್ನು ಅವಳ ಮೊಣಕೈಗಳೇ ತಡೆದವು. ಮುರಿದ ಚಪ್ಪಡಿ ಕೆಳಗೆ ಬಿದ್ದ ಸದ್ದು ತುಸು ತಡವಾಗಿ ಕೇಳಿಸಿತು. ಕಂಕುಳಿಗೆ ಕೈಹಾಕಿ ಅವಳನ್ನು ಎಳೆದುಕೊಂಡದ್ದು ನೆನಪಿಲ್ಲ. ಆ ತಡ ಮಾತ್ರ ನೆನಪಿದೆ. ಬಸ್ಸಿನಲ್ಲಿ ಕೂತಾಗ ಈಗಲೂ ಆ ಕಲ್ಲು ಬೀಳುತ್ತದೆ, ನಾನು ಸದ್ದಿಗಾಗಿ ಕಾಯುತ್ತೇನೆ.

ಅದು ತಾತನ ಕಾಲದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ಹಗೇವು. ಬಾಯಿ ಕಿರಿದು, ಒಳಗೆ ಕೋಣೆಯಷ್ಟು ಅಗಲ. ಕಳ್ಳರಿಗೆ ಕಾಣದಿರಲೆಂದು ಹಗೇವನ್ನು ನೆಲಕ್ಕೆ ನೆಲ ಮಾಡಿ ಮುಚ್ಚುವುದು ನಮ್ಮ ಕಡೆಯ ರೂಢಿ. ಎಷ್ಟು ಚೆನ್ನಾಗಿ ಮುಚ್ಚಿದ್ದರೆಂದರೆ, ಮನೆಯವರಾದ ನಾವೇ ಮರೆತಿದ್ದೆವು.

ಬ್ರೋಕರ್ ಬಂದು ಇಣುಕಿದ. "ಅಕ್ಕಾ, ಹೊಸ ಚಪ್ಪಡಿ ಎಳೆದು ಮಣ್ಣು ಹಾಕ್ಸಿ. ಬಾಯಿ ಬಿಟ್ರೆ ಪಾರ್ಟಿ ಓಡೋಗ್ತಾರೆ. ನಿಮ್ ಅಂಗಡಿನೂ ಅಷ್ಟೇ."

ಅಕ್ಕ ತರಚಿದ ಮೊಣಕೈಗೆ ಅರಿಶಿನ ಒತ್ತಿಕೊಳ್ಳುತ್ತಿದ್ದಳು. "ನಂಗೆ ಮೊಣಕೈ ಅಡ್ಡ ಬಂತು. ಆ ಮಗೂಗೆ ಏನಪ್ಪಾ ಅಡ್ಡ ಬರ್ತದೆ?"

ಕ್ರಯಪತ್ರದ ಕರಡಿನಲ್ಲಿ ಹಗೇವನ್ನೂ ಸೇರಿಸಿ ಎಂದು ಅಕ್ಕ ಹೇಳಿದಾಗ, ಮುಳಬಾಗಿಲು ಕಡೆಯ ತೆಲುಗು ಮಾತಿನ ಪತ್ರ ಬರಹಗಾರರು ನಕ್ಕುಬಿಟ್ಟರು. "ಏಂದಮ್ಮಾ ಇದಿ? ಎಲ್ರೂ ಬಾವಿ, ತೆಂಗಿನ ಮರ ಬರೆಸ್ತಾರೆ. ನೀನು ಗುಂಡಿ ಬರೆಸ್ತೀಯಾ?"

"ಬರೀರಿ ಸಾರ್. ಅದೂ ನಮ್ ಮನೇದೇ."

ಕೊಳ್ಳುವವರಿಗೂ ಅವಳೇ ಫೋನ್ ಮಾಡಿ ಹೇಳಿದಳು. "ಯೋಚ್ನೆ ಮಾಡ್ತೀವಿ" ಎಂದವರು ಮತ್ತೆ ಫೋನ್ ಮಾಡಲಿಲ್ಲ. ಅಕ್ಕ ಕಾಯಲಿಲ್ಲ, ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ, ನೀರು ಬಿಟ್ಟು, ದಿಮ್ಮಸು ಹೊಡೆಸಿ ಹಗೇವನ್ನು ತುಂಬಿಸಿದಳು.

ಕೊನೆಗೊಂದು ಭಾನುವಾರ ಅವರು ಬಂದರು. ಮಗು ಕೆಳಗಿಳಿಯಲು ಒದ್ದಾಡುತ್ತಿತ್ತು, ತಾಯಿ ಬಿಡಲಿಲ್ಲ. ಅಕ್ಕ ನೇರ ಹಗೇವು ತುಂಬಿಸಿದ ಜಾಗಕ್ಕೇ ಹೋಗಿ ನಿಂತು, ಕಾಲಿನಿಂದ ಗಟ್ಟಿಯಾಗಿ ತುಳಿದಳು. ನಾನು ಓಡಿಹೋಗಿ ಅವಳ ತೋಳು ಹಿಡಿದುಬಿಟ್ಟೆ.

"ಬಿಡೋ, ಮಾನ ತೆಗೀಬೇಡ! ಈಗೆಲ್ಲಿಗೋ ಹೋಗ್ತೀನಿ?"

ಆ ತಾಯಿಗೆ ನಗು ಬಂತು. ಮಗುವನ್ನು ಅಕ್ಕನ ಪಕ್ಕದಲ್ಲೇ ಇಳಿಸಿದಳು.

ನೋಂದಣಿಯ ದಿನ ಅಕ್ಕ ಸಹಿ ಮಾಡಿದ, ಹಗೇವಿನ ಸಾಲೂ ಇದ್ದ ಪತ್ರಕ್ಕೆ ಸಾಕ್ಷಿಯಾಗಿ ನಾನೂ ಸಹಿ ಹಾಕಿದೆ. ನನ್ನ ಹೆಸರನ್ನು ಎಂದಿಗಿಂತ ದೊಡ್ಡದಾಗಿ ಬರೆದೆ.