ಕನ್ಯೆ ನೋಡಲು ಹೋದಾಗ ಕೂಗಿದ ನೊಣಹಿಡುಕ

ನನ್ನ ಹಕ್ಕಿಯ ಹುಚ್ಚಿಗೆ ಔಷಧವಿಲ್ಲವೆಂದು ಅವ್ವ ಯಾವತ್ತೋ ಕೈಚೆಲ್ಲಿದ್ದಳು. ತೊಂಬತ್ತರ ದಶಕದ ಮಾತು. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಕಾಳುಕಡಿ ಅಂಗಡಿ. ಗಿರಾಕಿ ಇಲ್ಲದ ಹೊತ್ತು ನೋಡಿ, ಕೊರಳಿಗೆ ದುರ್ಬೀನು ಹಾಕಿಕೊಂಡು ಸೈಕಲ್ ಹತ್ತಿಬಿಡುತ್ತಿದ್ದೆ. ಕನ್ಯೆ ಕೊಡುವವರು ವಿಚಾರಿಸಲು ಬಂದರೆ ಓಣಿಯ ಜನ ಮೊದಲು ಇದನ್ನೇ ಹೇಳುತ್ತಿದ್ದರು. "ಹುಡುಗ ಚಲೋ ಅದಾನ್ರಿ, ಚಟಾ ಗಿಟಾ ಏನಿಲ್ಲ. ಆದ್ರ ಗಿಡದ ಕಡೆ ನೋಡಕೋತ ನಿಂತಬಿಡತಾನ." ಬಂದವರು ನಮ್ಮ ಮನೆಯ ಚಹಾ ಕುಡಿದು ಹೋದರೆ ಮುಗಿಯಿತು, ಮತ್ತೆ ಸುದ್ದಿಯೇ ಇಲ್ಲ.

ಈ ಹುಚ್ಚು ಹಿಡಿಸಿದ್ದು ಒಂದು ಹಿಡಿಯಷ್ಟೂ ಇಲ್ಲದ ಹಕ್ಕಿ. ಕಿತ್ತೂರಿನ ಹತ್ತಿರದ ಒಂದು ಮಾವಿನ ತೋಪಿನಲ್ಲಿ, ಒಂದು ಚಳಿಗಾಲದ ಮುಂಜಾನೆ ಮೊದಲ ಸಲ ಕಣ್ಣಿಗೆ ಬಿತ್ತು. ಬೂದುತಲೆಯ ನೊಣಹಿಡುಕ. ತಲೆ, ಕೊರಳು, ಎದೆಯೆಲ್ಲ ಒಲೆಯ ಬೂದಿಯ ಬಣ್ಣ. ಅಲ್ಲಿಂದ ಕೆಳಗೆ ಹೊಟ್ಟೆಗೆ ಹಸಿ ಅರಿಷಿಣ ಬಳಿದಂತೆ. ಬೆನ್ನು ಹಸಿರು ಕಲೆತ ಹಳದಿ. ಗುಬ್ಬಿಗಿಂತ ಸಣ್ಣದು, ಆದರೆ ಅದರ ಗತ್ತು ನೋಡಬೇಕು! ಟೊಂಗೆಯ ಮೇಲೆ ನೆಟ್ಟಗೆ ಕೂತು ಅತ್ತ ಇತ್ತ ಕತ್ತು ಹೊರಳಿಸುತ್ತದೆ. ಒಂದು ನುಸಿ ಹಾದರೆ ಸಾಕು, ಚಂಗನೆ ಹಾರಿ, ಗಾಳಿಯಲ್ಲೇ ಲಾಗ ಹೊಡೆದು, ಚಟ್ಟೆಂದು ಕೊಕ್ಕಿನಲ್ಲಿ ಹಿಡಿದು, ಬಹಳ ಸಲ ಬಿಟ್ಟು ಹೋದ ಟೊಂಗೆಗೇ ಬಂದು ಕೂಡುತ್ತದೆ. ಅವತ್ತು ಅದನ್ನು ನೋಡುತ್ತ ನಿಂತವನು ಊಟದ ಹೊತ್ತು ಮೀರಿಸಿ ಮನೆ ಸೇರಿದೆ.

ನಮ್ಮ ಬಯಲಿಗೆ ಅದು ಚಳಿಗಾಲದ ನೆಂಟ. ಬಂದರೂ ಒಂಟಿಯಾಗಿ ತಿರುಗುವುದು ಕಡಿಮೆ, ಬೇರೆ ಸಣ್ಣ ಹಕ್ಕಿಗಳ ಹಿಂಡಿನಲ್ಲಿ ಸೇರಿಕೊಳ್ಳುತ್ತದೆ. ಅವು ಎಲೆ ಕೆದಕುತ್ತ ಹೋದ ಹಾಗೆ ಎದ್ದು ಹಾರುವ ಹುಳುಗಳೆಲ್ಲ ಇದರ ಪಾಲು. ಎಂಥಾ ಜಾಣತನ! ಬಿಸಿಲು ಏರತೊಡಗಿದರೆ ಘಟ್ಟದ ಕಡೆಗೆ ಹೊರಟುಬಿಡುತ್ತದೆ. ಅಲ್ಲಿ ತಂಪು ಹಳ್ಳದ ಬದಿಗೆ, ಪಾಚಿಗಟ್ಟಿದ ಮರಕ್ಕೆ ಪಾಚಿಯನ್ನೇ ಜೇಡರ ಬಲೆಯಿಂದ ಅಂಟಿಸಿ ಬಟ್ಟಲಿನಂಥ ಗೂಡು ಮಾಡುತ್ತದೆಂದು ಓದಿದ್ದೆ. ಇನ್ನು ದನಿ! ಆ ಇಷ್ಟೇ ಇಷ್ಟು ಮೈಯಿಂದ ಅಷ್ಟು ಗಟ್ಟಿಯಾದ ಹಾಡು ಹೇಗೆ ಹೊರಡುತ್ತದೋ ಶಿವನೇ ಬಲ್ಲ. "ಚಿಟ್-ಚಿಟ್ಟೂ-ವೀ" ಎಂದು ಕೊನೆಗೆ ಮೇಲಕ್ಕೆ ಎಳೆಯುತ್ತದೆ. ಒಮ್ಮೆ ಗುರುತು ಹತ್ತಿತೆಂದರೆ ಸಂತೆಯ ಗದ್ದಲದಲ್ಲೂ ಕಿವಿಗೆ ಬೀಳುತ್ತದೆ.

ಅಂಥದರಲ್ಲಿ ಸವದತ್ತಿಯ ಒಂದು ಮನೆತನದವರು ಕನ್ಯೆ ನೋಡಿಕೊಂಡು ಹೋಗಿ ಎಂದು ಹೇಳಿಕಳಿಸಿದರು. ಅವ್ವ ಖುಷಿಯಿಂದ ಹೊಸ ಸೀರೆ ತೆಗೆದಳು, ನನ್ನ ದುರ್ಬೀನನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. "ಇವತ್ತೊಂದ ದಿನಾ ಮನಷ್ಯಾರ ಮಾರಿ ನೋಡಪಾ." ಜೊತೆಗೆ ಸೋದರಮಾವ ಬಂದ.

ನಮ್ಮ ಬಳಗದಲ್ಲಿ ಕನ್ಯೆ ನೋಡುವಾಗ ಎಲ್ಲರ ಕಣ್ಣೂ ಗಂಡಿನ ತಾಟಿನ ಮೇಲೆ. ಉಪ್ಪಿಟ್ಟು, ಶಿರಾ ಖಾಲಿ ಮಾಡಿದನೆಂದರೆ ಹುಡುಗಿ ಮನಸ್ಸಿಗೆ ಬಂದಳು, ಅರ್ಧಕ್ಕೆ ಬಿಟ್ಟು ಎದ್ದನೆಂದರೆ ಇಲ್ಲ. ಬಾಯಿಬಿಟ್ಟು ಬೇಡ ಎನ್ನುವ ಕಷ್ಟ ಯಾರಿಗೂ ಬರಬಾರದೆಂದು ಹಿರಿಯರು ಮಾಡಿಕೊಂಡ ಉಪಾಯ. ನನಗೂ ಇದು ಚೆನ್ನಾಗಿ ಗೊತ್ತಿತ್ತು.

ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಹುಡುಗಿ ಉಪ್ಪಿಟ್ಟಿನ ತಾಟು, ಚಹಾ ತಂದಿಟ್ಟು ಎದುರಿಗೆ ಕೂತಳು. "ಎಷ್ಟ ಕಲತೀಯವಾ?" ಎಂದು ಮಾವ ಕೇಳಿದ. "ಬಿ.ಎ. ಮುಗಿಸೇನ್ರಿ" ಎಂದು ಅವಳು ಹೇಳುತ್ತಿದ್ದಳು, ಹಿತ್ತಲಿನಿಂದ ಆ ದನಿ ಬಂತು. ಚಿಟ್-ಚಿಟ್ಟೂ-ವೀ! ಮಾವ ಅಡಿಕೆ ಕಟಕಟ ಅಗಿಯುತ್ತಿದ್ದ, ಅವ್ವ ಹುಡುಗಿಯ ಜಡೆಯ ಉದ್ದ ಅಳೆಯುತ್ತಿದ್ದಳು, ಅವಳಪ್ಪ ನನ್ನ ತಾಟು ನೋಡುತ್ತಿದ್ದರು. ಹುಡುಗಿ ಮಾತ್ರ ಮಾತು ಮುಗಿಸುವ ಮೊದಲೇ ಹಿತ್ತಲ ಬಾಗಿಲ ಕಡೆ ಸರಕ್ಕನೆ ಕಣ್ಣು ಹೊರಳಿಸಿದಳು. ತುಟಿಯ ಮೇಲೆ ಒಂದಿಷ್ಟು ನಗು ಬಂದು ಹೋಯಿತು. ಲಗ್ನವಾದರೆ ಇವಳನ್ನೇ, ಇಲ್ಲದಿದ್ದರೆ ಇಲ್ಲ ಎಂದುಕೊಂಡೆ.

ಹಾಗೆ ಅಂದುಕೊಂಡವನು ಮಾಡಿದ್ದೇನು? ತಾಟು ಸರಿಸಿ ಎದ್ದು ಹಿತ್ತಲಿಗೆ ನಡೆದೆ! ಕಾಲು ನನ್ನ ಮಾತು ಕೇಳಲಿಲ್ಲ. ಅವಳಪ್ಪ ಗಾಬರಿಯಿಂದ ಬೆನ್ನಹಿಂದೆಯೇ ಬಂದು, ಕೈಗೆ ನೀರಿನ ಚಂಬು ಕೊಟ್ಟು, "ಸಂಡಾಸ ಆ ಕಡೆ ಐತ್ರಿ" ಎಂದು ತೋರಿಸಿ ಹೋದರು. ನಾನು ಚಂಬು ಹಿಡಿದುಕೊಂಡು ಹುಣಸಿ ಗಿಡದ ಬುಡಕ್ಕೆ ನಿಂತೆ. ಬಚ್ಚಲ ನೀರು ಹರಿಯುವಲ್ಲಿ ನುಸಿ ಮುಸುಕಿದ್ದವು, ಅವುಗಳ ಮೇಲೆ ನನ್ನ ನೊಣಹಿಡುಕ ಹಾರಿ ಹಾರಿ ಹಬ್ಬ ಮಾಡುತ್ತಿತ್ತು. ದುರ್ಬೀನು ಬೇಕಾಗಿರಲಿಲ್ಲ, ಅಷ್ಟು ಹತ್ತಿರ. ಒಳಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ನನ್ನ ತಾಟು ಒಳಗೆ ಹೋಗಿತ್ತು. ಹುಡುಗಿ ಇರಲಿಲ್ಲ.

ಬಸ್ಸು ಯರಗಟ್ಟಿ ಮುಟ್ಟುವ ತನಕ ಅವ್ವ ತುಟಿ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದವಳು ಮುಚ್ಚಲಿಲ್ಲ. "ಆ ಹಕ್ಕೀನ ಲಗ್ನಾ ಮಾಡ್ಕೊ ಹೋಗು!"

"ಹುಡುಗಿ ನನಗ ಮನಸಿಗೆ ಬಂದಾಳವ್ವಾ."

"ತಾಟ ಬಿಟ್ಟ ಎದ್ದ ಮ್ಯಾಲ ಇದನ್ನ ಯಾವ ಬಾಯಿಲೆ ಹೇಳಲಿ?"

ವಾರದೊಳಗೆ ಮಾವ ಸುದ್ದಿ ತಂದ. ಸವದತ್ತಿಯವರು ನಮ್ಮದು ಮುಗಿಯಿತೆಂದು ತಿಳಿದಿದ್ದರು. ಮರುದಿನವೇ ಆ ಹುಡುಗಿಯನ್ನು ನೋಡಲು ರಾಮದುರ್ಗದವರು ಬರುವವರಿದ್ದರು. ನನಗೆ ಅನ್ನ ಸೇರಲಿಲ್ಲ. ಗಂಡಾದವನು ಒಬ್ಬನೇ ಕನ್ಯೆಯ ಮನೆಗೆ ಹೋಗುವುದು ಎಲ್ಲಾದರೂ ಉಂಟೇ? ನಾನು ಹೋದೆ.

ಅವಳಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಹುಬ್ಬೇರಿಸಿದರು. "ಬರ್ರಿ. ಏನರ ಮರತ ಹೋಗಿದ್ರೇನು?"

"ಹೂಂನ್ರಿ. ಉಪ್ಪಿಟ್ಟು ಉಳಿಸಿ ಹೋಗಿದ್ದೆ. ತಿನ್ನಾಕ ಬಂದೇನಿ."

ಅವರು ಪೇಪರು ಕೆಳಗಿಟ್ಟರು. ನಾನು ಒಂದೇ ಉಸಿರಿಗೆ ಹುಣಸಿ ಗಿಡ, ಹಕ್ಕಿ, ಚಂಬು ಎಲ್ಲ ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. "ಅಂದ್ರ ನನ್ನ ಮಗಳಿಗಿಂತಾ ಒಂದು ನೊಣಾ ತಿನ್ನೂ ಹಕ್ಕಿ ನಿಮಗ ಹೆಚ್ಚಾತೇನು?"

"ಹಂಗಲ್ರಿ. ಅಷ್ಟ ಮಂದಿ ಕುಂತಿದ್ವಿ, ಅದರ ದನಿ ಕೇಳಿಸಿದ್ದು ಇಬ್ಬರಿಗೇ. ಒಂದು ನನಗ, ಇನ್ನೊಂದು ನಿಮ್ಮ ಮಗಳಿಗೆ. ಅದಕ್ಕ ಬಂದೇನ್ರಿ."

ಅವರು ಒಳಗಿದ್ದ ಮಗಳನ್ನು ಕೂಗಿದರು. "ಏ ತಂಗೀ, ಇಲ್ಲಿ ಬಾ. ಈ ಹಕ್ಕಿ ಸುದ್ದಿ ಖರೇ ಏನು?"

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಖರೇ ಐತಪ್ಪಾ. ದೀಪಾವಳಿ ಆದಮ್ಯಾಲ ಬರತೈತಿ, ಶಿವರಾತ್ರಿ ಆದಮ್ಯಾಲ ಹೋಗತೈತಿ. ಸಾಲಿಗೆ ಹೋಗತಿದ್ದಾಗಿಂದ ನೋಡಾಕ ಹತ್ತೇನಿ."

"ಒಂದ ದಿನಾನೂ ಹೇಳಿಲ್ಲಲಾ?"

"ಹೇಳಿದ್ರ ಹುಚ್ಚಿ ಅಂತೀರಿ. ಹೊರಗ ಗೊತ್ತಾದ್ರ ನನ್ನ ಯಾರೂ ಮಾಡ್ಕೊಳ್ಳೂದಿಲ್ಲಂತ ಸುಮ್ಮನಿದ್ದೆ."

ನನಗೆ ನಗು ಬಂತು. ಅವಳು ಮೊದಲ ಸಲ ನನ್ನನ್ನು ನೇರ ನೋಡಿದಳು. "ಎಲ್ಲಿಗೆ ಹೋಗತೈತ್ರಿ ಅದು?"

"ಘಟ್ಟದ ಕಡೆ. ಅಲ್ಲಿ ಗೂಡ ಕಟ್ಟತೈತಿ."

"ನೀವು ನೋಡೀರೇನು?"

"ಇಲ್ರಿ."

"ಹಂಗಾರ ಇಬ್ಬರೂ ಕೂಡೇ ನೋಡೂಣು" ಎಂದವಳೇ ಅಪ್ಪನ ಮುಖ ನೋಡದೆ ಒಳಗೆ ಓಡಿದಳು.

ಅವಳಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತ ಎದ್ದು, ಕಾಲಿಗೆ ಚಪ್ಪಲಿ ಹಾಕಿಕೊಂಡರು. "ಕುಂತಿರ್ರಿ ಅಳಿಯಾರ. ರಾಮದುರ್ಗದವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿ ಬರತೇನಿ."