ಟಿಲ್‌ಮನ್ನರ ಟೈ
ಡ್ಯುಸೆಲ್‌ಡಾರ್ಫಿನ ಆ ವಿಮಾ ಕಚೇರಿಯಲ್ಲಿ ಯಾರು ಏನು ತೊಡಬೇಕೆಂಬುದು ಸಿಬ್ಬಂದಿ ಅಧಿಕಾರಿ ಟಿಲ್‌ಮನ್ನರ ಕೈಯಲ್ಲಿದೆ. ಕೋಟು ಇರಬೇಕು, ಟೈ ಇರಬಾರದು. ಜೀನ್ಸ್ ನಡೆಯುತ್ತದೆ, ಆದರೆ ಕಡುನೀಲಿಯದು ಮಾತ್ರ. ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಅವರ ಕಣ್ಣು ಒಳಗಿದ್ದವರ ಬೂಟಿನಿಂದ ಕಾಲರಿನವರೆಗೆ ಹೋಗಿ ಬಂದಿರುತ್ತದೆ. "ಏನ್ರೀ ಯಾನ್ಸನ್, ಈ ಹೂವಿನ ಅಂಗಿ ಹಾಕ್ಕೊಂಡು ಸಮುದ್ರಕ್ಕೆ ಹೊರಟ್ರೋ, ಕೆಲಸಕ್ಕೆ ಬಂದ್ರೋ?" ಬೇಸಿಗೆಯಲ್ಲಿ ಯಾರದಾದರೂ ಕಾಲ್ಚೀಲವಿಲ್ಲದ ಕಾಲು ಕಂಡರೆ ಚಳಿಯಾಗುವುದು ಇವರಿಗೆ. ಇಂಥವರು ವರ್ಷಕ್ಕೊಂದು ದಿನ ತಾವೇ ಟೈ ಕಟ್ಟಿಕೊಂಡು ಬರುತ್ತಾರೆ. ಅದು ಕಾರ್ನಿವಲ್ ಹಬ್ಬದ ಗುರುವಾರ. ಹೆಂಗಸರು ಕತ್ತರಿ ಹಿಡಿದು ಬಂದು, ತಮಗೆ ಸಲಿಗೆಯಿರುವ ಗಂಡಸರ ಟೈ ಕತ್ತರಿಸಿ, ಕೆನ್ನೆಗೊಂದು ಮುತ್ತಿಡುವ ದಿನ. ಯಾರಾದರೊಬ್ಬರು ಬಂದಾರೆಂದು ಟಿಲ್‌ಮನ್ನರು ಬೆಳಗಿನಿಂದ ಮೂರೂ ಮಹಡಿ ಸುತ್ತುತ್ತಾರೆ, ಕಾಫಿ ಯಂತ್ರದ ಬಳಿ ಎದೆ ಮುಂದೆ ಮಾಡಿ ನಿಲ್ಲುತ್ತಾರೆ. "ಅವರದನ್ನ ಮಾತ್ರ ಮುಟ್ಬೇಡ್ರೇ, ನಾಳೆ ನೋಟಿಸ್ ಬರುತ್ತೆ!" ಎಂದು ಹೆಂಗಸರು ನಗುತ್ತ ದೂರ ಸರಿಯುತ್ತಾರೆ. ಮಧ್ಯಾಹ್ನ ಎಲ್ಲರೂ ಹಬ್ಬದ ಬೀದಿಗಿಳಿದ ಮೇಲೆ, ಅವರು ಕನ್ನಡಿಯ ಮುಂದೆ ನಿಂತು ತಮ್ಮ ಟೈಯನ್ನು ತಾವೇ ಅರ್ಧಕ್ಕೆ ಕತ್ತರಿಸಿಕೊಂಡು, ಆ ಮೋಟು ತುದಿ ನಾಲ್ಕು ಜನಕ್ಕೆ ಕಾಣುವಂತೆ ಕೋಟಿನ ಗುಂಡಿ ಬಿಚ್ಚಿ, ಮನೆಯ ಕಡೆಗೆ ಟ್ರಾಮ್ ಹತ್ತುತ್ತಾರೆ.