ಕಣ್ಣು ಬಿಟ್ಟ ಫೋಟೋ

ಓದುಗರಿಗೆ ನಮಸ್ಕಾರ. ನಾನು ಮದುವೆಯಾದ ಮೇಲೆ ಹತ್ತನೇ ಕ್ಲಾಸ್ ಪಾಸಾದವ. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡ್ತಿದ್ದೇನೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

"ಎಂತ ಮಾರಾಯಾ, ನಾ ಸತ್ತು ಮೂರು ದಿನ ಆದವ್ಳ ಹಾಂಗೆ ಕಾಣ್ತೆ ಅಲಾ!"

ಕುಮಟೆಯ ನನ್ನ ಸ್ಟುಡಿಯೋದಲ್ಲಿ ತಮ್ಮ ಫೋಟೋ ನೋಡಿ ದೇವಮ್ಮ ಕೂಗಿದ್ರು. ಅವರು ಅಘನಾಶಿನಿ ಹೊಳೆಯಲ್ಲಿ ಚಿಪ್ಪಿಕಲ್ಲು, ಅಂದ್ರೆ ತಿನ್ನುವ ಕಪ್ಪೆಚಿಪ್ಪು, ಆರಿಸಿ ಮಾರುವವರು. ಫ್ಲ್ಯಾಶ್ ಹೊಡೆದ್ರೆ ಸಾಕು, ಕಣ್ಣು ಮುಚ್ಚಿಬಿಡ್ತಾರೆ. ದೊಡ್ಡ ಮಗಳ ಮದುವೆ ಆಲ್ಬಮ್ಮಿನಲ್ಲಿ ಒಂದು ಫೋಟೋದಲ್ಲೂ ಅವರ ಕಣ್ಣು ತೆರೆದಿಲ್ಲ. ಈಗ ಸಣ್ಣ ಮಗಳು ಗಂಡನ ಮನೆಗೆ ಹೊರಟಿದ್ಲು. ಅವಳ ಜೊತೆ ಕಣ್ಣು ಬಿಟ್ಟದ್ದು ಒಂದಾದ್ರೂ ಬೇಕು ಅಂತ ಅವಳನ್ನ ಕರ್ಕೊಂಡು ಬಂದಿದ್ರು.

ಬೆಳಕು ಮೆತ್ತಗಾಗಲಿ ಅಂತ ನಾನು ತಳ ಕಿತ್ತ ಮೀನುಬುಟ್ಟಿಗೆ ನನ್ನ ಬಿಳಿ ಪಂಚೆ ಕಟ್ಟಿ ಫ್ಲ್ಯಾಶಿನ ಮುಂದೆ ಇಟ್ಟಿದ್ದೆ. ಕಣ್ಣೇನೋ ತೆರೆದಿತ್ತು, ಆದ್ರೆ ಮುಖವೆಲ್ಲ ನೀಲಿ! ನನ್ನ ಹೆಂಡತಿ ಪಂಚೆ ಒಗೆಯುವಾಗ ನೀಲಿಪುಡಿ ಜಾಸ್ತಿ ಹಾಕಿದ್ಲು.

ದೇವಮ್ಮ ತಾವು ತಲೆಗೆ ಸುತ್ತುವ ಬಿಳಿ ಬಟ್ಟೆಯನ್ನ ಚೀಲದಿಂದ ತೆಗೆದು ಕೊಟ್ರು. "ಇದ್ಕೆ ನೀಲಿ ಗೀಲಿ ಎಂತದೂ ಇಲ್ಲ. ವಾಸ್ನೆ ಫೋಟೋದಲ್ಲಿ ಬರೂದಿಲ್ಲ ಅಲ್ದಾ?"

ಮಗಳು ನಕ್ಕಳು. ಬುಟ್ಟಿಗೆ ಆ ಬಟ್ಟೆ ಕಟ್ಟಿ ಮತ್ತೊಂದು ತೆಗೆದೆ. ಈ ಸಲ ಕಣ್ಣೂ ತೆರೆದಿತ್ತು, ಮುಖವೂ ನೀಲಿ ಇರಲಿಲ್ಲ. ಪ್ರಿಂಟ್ ಕೈಗೆ ಬಂದಾಗ ದೇವಮ್ಮ ಅದನ್ನ ಮಗಳಿಗೆ ಕೊಡಲೇ ಇಲ್ಲ. ಫೋಟೋದಲ್ಲಿದ್ದ ತಮ್ಮ ಕಣ್ಣನ್ನೇ ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ್ರು.

ಇಷ್ಟು ವರ್ಷ "ಕಣ್ಣು ಬಿಡಿ, ಕಣ್ಣು ಬಿಡಿ" ಅಂತ ಎಷ್ಟು ಜನರಿಗೆ ಗದರಿದ್ದೆನೋ. ತಪ್ಪು ನನ್ನ ಲೈಟಿನದ್ದೇ ಆಗಿತ್ತು. ನಿಮಗೂ ಗಿರಾಕಿಯೊಬ್ಬರು ಹೀಗೆ ಏನಾದ್ರೂ ಕಲಿಸಿದ್ರೆ ಬರೆದು ಕಳ್ಸಿ, ನಿಧಾನಕ್ಕೆ ಓದ್ತೇನೆ.